ತೈವಾನ್‌ನಲ್ಲಿ ಮೊದಲು ಊಟದ ಹೊತ್ತು ಗೊತ್ತುಮಾಡಿ, ಆಮೇಲೆ ಸುತ್ತಾಟ

ತೈವಾನ್‌ಗೆ ಹೊರಟ ಕುಟುಂಬಗಳ ಪ್ರವಾಸದ ಪಟ್ಟಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನೋಡುವ ಜಾಗಗಳನ್ನೆಲ್ಲ ಗಂಟೆ ಲೆಕ್ಕದಲ್ಲಿ ಬರೆದಿರುತ್ತಾರೆ, ಊಟವನ್ನು ಮಾತ್ರ ‘ದಾರಿಯಲ್ಲಿ ಎಲ್ಲಾದರೂ’ ಎಂದು ಬಿಟ್ಟಿರುತ್ತಾರೆ. ಸಸ್ಯಾಹಾರಿಗಳ ಪ್ರವಾಸ ಕೆಡುವುದು ಇಲ್ಲೇ. ತೈವಾನ್‌ನಲ್ಲಿ ಸಸ್ಯಾಹಾರ ಸಿಗುವುದಿಲ್ಲ ಎಂಬ ಮಾತು ಸುಳ್ಳು. ಏಷ್ಯಾದಲ್ಲಿ ಭಾರತ ಬಿಟ್ಟರೆ ಸಸ್ಯಾಹಾರಿಗೆ ಇಷ್ಟು ಅನುಕೂಲವಾದ ದೇಶ ಹುಡುಕುವುದು ಕಷ್ಟ. ಆದರೆ ಅದು ಸಿಗುವ ಹೊತ್ತು ಬೇರೆ, ನಮಗೆ ಹಸಿವಾಗುವ ಹೊತ್ತು ಬೇರೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಮೊದಲ ಎರಡು ಮೂರು ದಿನ ಹೊಟ್ಟೆ ಊರಿನ ಗಂಟೆಯನ್ನೇ ಕೇಳುತ್ತದೆ. ಮನೆಯಲ್ಲಿ ಒಂದು ಗಂಟೆಗೆ ಉಣ್ಣುವವರಿಗೆ ಅಲ್ಲಿ ಹಸಿವಾಗುವುದು ಮೂರೂವರೆಗೆ. ಅಷ್ಟರಲ್ಲಿ ಅಡುಗೆಮನೆಗಳು ಮುಚ್ಚಿರುತ್ತವೆ. ಬಹುತೇಕ ಹೋಟೆಲುಗಳು ಎರಡು ಗಂಟೆಯ ಆಸುಪಾಸಿನಲ್ಲಿ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಐದಕ್ಕೆ. ಸಸ್ಯಾಹಾರಿ ಬಫೆಗಳಂತೂ ಸಂಜೆ ಏಳರ ಹೊತ್ತಿಗೆ ತಟ್ಟೆ ಎತ್ತಿಡಲು ಶುರುಮಾಡುತ್ತವೆ. ಆಗ ನಮ್ಮ ಊರಿನಲ್ಲಿ ಸಂಜೆ ನಾಲ್ಕೂವರೆ, ಕಾಫಿಯ ಸಮಯ. ಎಂಟೂವರೆಗೆ ಊಟ ಹುಡುಕಿಕೊಂಡು ಹೊರಟವರಿಗೆ ಕೊನೆಗೆ ಸಿಗುವುದು ಅಂಗಡಿಯ ಬ್ರೆಡ್ಡು. ಆದ್ದರಿಂದ ಮೊದಲ ಎರಡು ದಿನ ಹಸಿವನ್ನು ಕಾಯಬೇಡಿ. ಹನ್ನೊಂದೂವರೆಗೆ ಒಂದು ಊಟ, ಐದೂವರೆಗೆ ಇನ್ನೊಂದು ಎಂದು ಗೊತ್ತುಮಾಡಿಕೊಳ್ಳಿ. ನಡುವಿನ ಹಸಿವಿಗೆ ಬೀದಿ ಬೀದಿಯಲ್ಲೂ ಇರುವ ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್ ಅಂಗಡಿಗಳಲ್ಲಿ ಸುಟ್ಟ ಗೆಣಸು, ಬಾಳೆಹಣ್ಣು, ಸೋಯಾ ಹಾಲು ಸಿಗುತ್ತವೆ.

ಕಲಿಯಬೇಕಾದ ಅಕ್ಷರ ಒಂದೇ, ಅದರ ಉಚ್ಚಾರ ‘ಸು’. ಅದರ ರೂಪವನ್ನು ಕಣ್ಣಿಗೆ ಕಟ್ಟಿಸಿಕೊಳ್ಳಿ. ಮೇಲ್ಗಡೆ ಮೂರು ಅಡ್ಡಗೆರೆ, ಅವನ್ನು ಸೀಳಿಕೊಂಡು ಇಳಿಯುವ ಒಂದು ನೇರ ಗೆರೆ. ಕೆಳಗಡೆ ಎರಡು ಸಲ ಮಡಚಿದ ದಾರದಂಥ ಆಕಾರ, ಅದರ ಬುಡದಲ್ಲಿ ಮೂರು ಕಾಲು. ಹಸಿರು ಅಥವಾ ಹಳದಿ ಫಲಕದ ಮೇಲೆ ಇದು ದೊಡ್ಡದಾಗಿ ಬರೆದಿದ್ದು, ಪಕ್ಕದಲ್ಲಿ ಬೌದ್ಧರ ಸ್ವಸ್ತಿಕವೂ ಇದ್ದರೆ ಧೈರ್ಯವಾಗಿ ಒಳಗೆ ಹೋಗಿ. ‘ನಾನು ಸಸ್ಯಾಹಾರಿ’ ಎನ್ನಲು ‘ವೊ ಛ್ರ್ ಸು’ ಎನ್ನಬೇಕು. ನಾಲಿಗೆ ಹೊರಳದಿದ್ದರೆ ಆ ಅಕ್ಷರವನ್ನು ಫೋನಿನಲ್ಲಿ ತೋರಿಸಿದರೆ ಸಾಕು.

ಸಸ್ಯಾಹಾರಿ ಎಂದು ಹೇಳಿಕೊಳ್ಳುವ ಪ್ಯಾಕೆಟ್ ತಿಂಡಿಗಳ ಮೇಲೆ ಐದು ಬಗೆಯಲ್ಲಿ ಯಾವುದೆಂದು ನಮೂದಿಸಬೇಕು ಎಂಬುದು ಅಲ್ಲಿನ ನಿಯಮ. ‘ಚ್ವೆನ್ ಸು’ ಎಂದರೆ ಪೂರ್ತಿ ಸಸ್ಯಜನ್ಯ, ಹಾಲು ಮೊಟ್ಟೆ ಎರಡೂ ಇಲ್ಲ. ‘ನೈ ಸು’ ಹಾಲು ಇರುವುದು, ‘ದಾನ್ ಸು’ ಮೊಟ್ಟೆ ಇರುವುದು, ‘ದಾನ್ ನೈ ಸು’ ಎರಡೂ ಇರುವುದು. ಮೊಟ್ಟೆ ತಿನ್ನದ ನಮ್ಮವರಿಗೆ ಮೊದಲನೆಯದು ಮತ್ತು ‘ನೈ ಸು’ ಹೊಂದುತ್ತವೆ. ಐದನೆಯ ಬಗೆ ‘ವು ಶಿನ್’, ಅಂದರೆ ಐದು ಘಾಟಿನ ಪದಾರ್ಥಗಳಿರುವುದು. ಈರುಳ್ಳಿ, ಬೆಳ್ಳುಳ್ಳಿಯ ಜಾತಿಯವೇ ನಾಲ್ಕು. ಐದನೆಯದರ ಹೆಸರು ‘ಶಿಂಗ್ ಚ್ಯು’. ಸಂಸ್ಕೃತದ ಹಿಂಗು ಬೌದ್ಧ ಗ್ರಂಥಗಳ ಜೊತೆ ಚೀನೀ ಭಾಷೆಗೆ ಹೋಗಿ ಆದ ಮಾತು ಅದು, ನಮ್ಮ ಇಂಗು. ನಮ್ಮಲ್ಲಿ ಉಳ್ಳಿ, ಬೆಳ್ಳುಳ್ಳಿ ಬಿಟ್ಟವರೇ ಇಂಗಿನ ಒಗ್ಗರಣೆ ಹಾಕುವುದು. ಅಲ್ಲಿ ‘ಚ್ವೆನ್ ಸು’ ಅಡುಗೆಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬಿಡುತ್ತಾರೆ. ಹೀಗಾಗಿ ಮಾಧ್ವರ ಮನೆಯ ಹಿರಿಯರಿಗೆ, ಜೈನರಿಗೆ ‘ಚ್ವೆನ್ ಸು’ ಊಟ ಹೇಳಿ ಮಾಡಿಸಿದಂತಿದೆ. ಗೆಡ್ಡೆ ತಿನ್ನದ ಜೈನರು ಮಾತ್ರ ಆಲೂಗಡ್ಡೆ, ಮೂಲಂಗಿ ನೋಡಿಕೊಳ್ಳಬೇಕು.

ದಿನದ ಮುಖ್ಯ ಊಟಕ್ಕೆ ಸಸ್ಯಾಹಾರಿ ಬಫೆಯೇ ಉತ್ತಮ. ಬಾಗಿಲ ಬಳಿ ಕಾಗದದ ಡಬ್ಬಿಯೋ ತಟ್ಟೆಯೋ ಇರುತ್ತದೆ, ಚಿಮಟದಲ್ಲಿ ನೀವೇ ಬಡಿಸಿಕೊಳ್ಳಬೇಕು. ಕೊನೆಯಲ್ಲಿ ಗಲ್ಲಾದವರು ತಕ್ಕಡಿಯಲ್ಲಿಟ್ಟು ಅಥವಾ ಕಣ್ಣಂದಾಜಿನಲ್ಲಿ ಬೆಲೆ ಹೇಳುತ್ತಾರೆ. ಅನ್ನಕ್ಕೆ ಬೇರೆ ದುಡ್ಡು, ಸಾರಿನಂಥ ತಿಳಿ ಸೂಪು ಅನೇಕ ಕಡೆ ಉಚಿತ. ಒಬ್ಬರಿಗೆ 100ರಿಂದ 150 ತೈವಾನ್ ಡಾಲರ್ ಆಗಬಹುದು, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಹೊಸಬರು ಮೊದಲ ಟ್ರೇಯಿಂದಲೇ ತುಂಬಿಸಿಕೊಳ್ಳಲು ಶುರುಮಾಡುತ್ತಾರೆ. ಕುಂಬಳ, ಆಲೂಗಡ್ಡೆ, ಸೋಯಾ ರಸದಲ್ಲಿ ಬೆಂದ ತೋಫು ಭಾರದವು. ತೂಕವೆಲ್ಲ ಅವಕ್ಕೇ ಹೋಗುತ್ತದೆ. ಒಂದು ಸುತ್ತು ಬರಿಗೈಯಲ್ಲಿ ನೋಡಿ ಬನ್ನಿ. ಸೊಪ್ಪು, ಬಿದಿರಿನ ಕಳಲೆ, ಅಣಬೆ, ಮರಕಿವಿ ಎಂಬ ಕಪ್ಪು ಅಣಬೆಯಂಥ ಹಗುರದವನ್ನು ಮೊದಲು ಹಾಕಿಕೊಂಡು, ಚಿಮಟವನ್ನು ಟ್ರೇಯ ಅಂಚಿಗೆ ಒಮ್ಮೆ ತಾಗಿಸಿ ರಸ ಸೋಸಿ ತೆಗೆಯಿರಿ. ಮಾಂಸದ ಹಾಗೆ ಕಾಣುವ ತುಂಡುಗಳು ಸೋಯಾದವು, ಗೋಧಿಯ ಅಂಟಿನವು. ಅವುಗಳಲ್ಲಿ ಕೆಲವಕ್ಕೆ ಮೊಟ್ಟೆಯ ಬಿಳಿ ಬೆರೆಸಿರುತ್ತಾರೆ, ಕೇಳಿ ಹಾಕಿಕೊಳ್ಳಿ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಎಷ್ಟೋ ಜನ ವ್ರತದಂತೆ ಸಸ್ಯಾಹಾರ ಮಾಡುತ್ತಾರೆ. ನಮ್ಮ ಪಂಚಾಂಗದ ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಅದು ಬೀಳುತ್ತದೆ. ಆ ದಿನ ಹನ್ನೊಂದೂಕಾಲಿಗೇ ಹೋಗಿ, ಹನ್ನೆರಡೂವರೆಗೆ ಒಳ್ಳೆಯ ಪಲ್ಯಗಳೆಲ್ಲ ಖಾಲಿ.

ಸಾಮಾನ್ಯ ಹೋಟೆಲಿನಲ್ಲಿ ತಿನ್ನುವಾಗ ಎಚ್ಚರ ಬೇಕು. ಬೇಯಿಸಿದ ಸೊಪ್ಪು ನಿರಪಾಯ ಎಂದು ಕಾಣುತ್ತದೆ, ಆದರೆ ಕೊನೆಗೆ ಅದರ ಮೇಲೆ ಹಂದಿಮಾಂಸದ ಗೊಜ್ಜನ್ನು ಒಂದು ಚಮಚ ಸುರಿಯುವುದು ಅಲ್ಲಿನ ರೂಢಿ. ‘ಬು ಯಾವ್ ರೌ ಜಾವ್’, ಅಂದರೆ ಮಾಂಸದ ಗೊಜ್ಜು ಬೇಡ ಎಂದು ಮೊದಲೇ ಹೇಳಬೇಕು. ಹುರಿದ ಚಿಕ್ಕ ಈರುಳ್ಳಿಯನ್ನು ಹಂದಿಕೊಬ್ಬಿನಲ್ಲಿ ಕರಿದಿರುವುದುಂಟು. ಬೆಳಗಿನ ಸೋಯಾ ಹಾಲು ಸಿಹಿಯಾದರೆ ಸರಿ. ಉಪ್ಪಿನದಾದರೆ ಒಣ ಸಿಗಡಿ ಬಿದ್ದಿರುತ್ತದೆ. ಮೂಲಂಗಿಯ ಹಬೆ ಕೇಕಿನಲ್ಲೂ ಅದೇ ಸಿಗಡಿ ಇರಬಹುದು. ಕರಿ ಎಳ್ಳಿನ ಹೂರಣದ ಅಕ್ಕಿ ಉಂಡೆ ನೋಡಿದರೆ ಎಳ್ಳಿನ ಕಡುಬು ನೆನಪಾಗುತ್ತದೆ, ಆದರೆ ಹೂರಣ ನುಣುಪಾಗಲು ಹಂದಿಕೊಬ್ಬು ಕಲಸುವುದು ಹಳೆಯ ಪದ್ಧತಿ. ಮಾರುವವರು ಮೋಸ ಮಾಡುತ್ತಿಲ್ಲ. ಕೇಳಿದರೆ ಎಲ್ಲರೂ ನೇರವಾಗಿ ಹೇಳುತ್ತಾರೆ.

ಇನ್ನು ಸುತ್ತಾಟ. ಎಂಟು ದಿನಕ್ಕೆ ಎರಡು ಊರು ಸಾಕು: ತೈಪೆಯಲ್ಲಿ ನಾಲ್ಕೈದು ರಾತ್ರಿ, ತೈನಾನ್‌ನಲ್ಲಿ ಮೂರು. ಆಲಿಶಾನ್, ಸನ್ ಮೂನ್ ಲೇಕ್ ಎರಡನ್ನೂ ಇದರೊಳಗೆ ತುರುಕಿದರೆ ದಿನವಿಡೀ ಬಸ್ಸಿನಲ್ಲೇ ಕಳೆಯುತ್ತದೆ. ಪೂರ್ವ ಕರಾವಳಿಯ ತಾರೊಕೊ ಕಣಿವೆಗೆ 2024ರ ಏಪ್ರಿಲ್ 3ರ ಭೂಕಂಪ ದೊಡ್ಡ ಪೆಟ್ಟು ಕೊಟ್ಟಿತು. ಯಾವ ದಾರಿ ತೆರೆದಿದೆ ಎಂದು ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರಕಟಣೆ ನೋಡದೆ ಅಲ್ಲಿಗೆ ಹೋಟೆಲ್ ಕಾದಿರಿಸಬೇಡಿ.

ಸೋಮವಾರವನ್ನು ಮೊದಲೇ ಗುರುತು ಹಾಕಿ. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯ, ಬೈತೌನ ಬಿಸಿನೀರ ಬುಗ್ಗೆಯ ಮ್ಯೂಸಿಯಂ, ಮಾವ್‌ಕಾಂಗ್ ಬೆಟ್ಟದ ಗೊಂಡೋಲ ಎಂಬ ರೋಪ್‌ವೇ ಮೂರಕ್ಕೂ ಸಾಮಾನ್ಯವಾಗಿ ಸೋಮವಾರ ರಜೆ. ಹಾಗಾಗಿ ತೈಪೆಯಿಂದ ತೈನಾನ್‌ಗೆ ಹೋಗುವ ದಿನ ಸೋಮವಾರವಾಗಲಿ. ಹೈಸ್ಪೀಡ್ ರೈಲಿನಲ್ಲಿ ಪ್ರಯಾಣ ಸುಮಾರು ಒಂದೂಮುಕ್ಕಾಲು ಗಂಟೆ. ಟಿಕೆಟ್ 28 ದಿನ ಮೊದಲು ಬಿಡುತ್ತಾರೆ, ರಿಯಾಯಿತಿಯವು ಬೇಗ ಮುಗಿಯುತ್ತವೆ. ಹೈಸ್ಪೀಡ್ ನಿಲ್ದಾಣ ತೈನಾನ್ ಊರೊಳಗೆ ಇಲ್ಲ ಎಂಬುದು ಇಳಿದ ಮೇಲೆ ಗೊತ್ತಾಗಿ ಎಷ್ಟೋ ಜನ ಟ್ಯಾಕ್ಸಿಗೆ ದುಡ್ಡು ಸುರಿಯುತ್ತಾರೆ. ಪಕ್ಕದಲ್ಲೇ ಇರುವ ಶಾಲುನ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದರೆ ಇಪ್ಪತ್ತೈದು ನಿಮಿಷದೊಳಗೆ ಊರ ನಡುವೆ ಇಳಿಯಬಹುದು.

ತೈಪೆಯ ಒಂದು ದಿನವನ್ನು ಬೈತೌಗೆ ಕೊಡಿ. ಕೆಂಪು ಮೆಟ್ರೋದಲ್ಲಿ ಬೈತೌ ತನಕ ಹೋಗಿ, ಅಲ್ಲಿಂದ ಒಂದೇ ನಿಲ್ದಾಣದ ಪುಟ್ಟ ಶಾಖೆಯಲ್ಲಿ ಶಿನ್‌ಬೈತೌ. ಮ್ಯೂಸಿಯಂ ಕಟ್ಟಡ 1913ರಲ್ಲಿ ಸಾರ್ವಜನಿಕ ಸ್ನಾನಗೃಹವಾಗಿ ಕಟ್ಟಿದ್ದು, ಪ್ರವೇಶ ಉಚಿತ. ತೆರೆದ ಬಯಲಿನ ಸಾರ್ವಜನಿಕ ಕೊಳಗಳಿಗೆ ಮೈಗಂಟುವ ಈಜುಡುಗೆ ಕಡ್ಡಾಯ, ಸಡಿಲ ಚಡ್ಡಿಯವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸಂಕೋಚವಿದ್ದವರು ಗಂಟೆ ಲೆಕ್ಕದ ಖಾಸಗಿ ಕೋಣೆ ಹಿಡಿಯಲಿ. ಹೊಟ್ಟೆ ತುಂಬಿದ ಕೂಡಲೇ ಬಿಸಿನೀರಿಗೆ ಇಳಿಯಬಾರದು. ಆದ್ದರಿಂದ ಊಟದ ನಂತರ ಮ್ಯೂಸಿಯಂ, ಮೂರಕ್ಕೆ ಸ್ನಾನ, ಐದೂವರೆಗೆ ಊಟ. ಅಡುಗೆಮನೆ ಮುಚ್ಚಿರುವ ಹೊತ್ತನ್ನು ಇದಕ್ಕಿಂತ ಚೆನ್ನಾಗಿ ಕಳೆಯಲಾಗದು.

ಮಾವ್‌ಕಾಂಗ್‌ನ ಚಹಾಮನೆಗಳೂ ಅದೇ ಹೊತ್ತಿಗೆ ಒದಗುತ್ತವೆ. ಕಂದು ಮೆಟ್ರೋದ ಕೊನೆಯ ನಿಲ್ದಾಣ ಮೃಗಾಲಯ. ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್ ಗೊಂಡೋಲದ ಹಾದಿ. ಸಿಡಿಲು, ಜೋರು ಗಾಳಿ ಇದ್ದರೆ ನಿಲ್ಲಿಸುತ್ತಾರೆ. ಮೇಲೆ ಚಹಾವನ್ನು ಲೋಟದ ಲೆಕ್ಕದಲ್ಲಿ ಮಾರುವುದಿಲ್ಲ. ಎಲೆಯ ಪೊಟ್ಟಣವೊಂದನ್ನು ಕೊಳ್ಳಬೇಕು, ಮೇಲೆ ತಲೆಗಿಷ್ಟು ಎಂದು ಬಿಸಿನೀರಿನ ದುಡ್ಡು. ಮಿಕ್ಕ ಎಲೆ ನಿಮ್ಮದೇ. ಇದು ತಿಳಿಯದೆ ಬಿಲ್ ನೋಡಿ ಗಾಬರಿಯಾಗುವವರಿದ್ದಾರೆ. ಕುಳಿತ ಮೇಲೆ ಪುಟ್ಟ ಕುಡಿಕೆಗೆ ಮೊದಲು ಬರೀ ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿ. ಉಂಡೆಗಟ್ಟಿದ ಊಲಾಂಗ್ ಎಲೆಯನ್ನು ಕುಡಿಕೆಯ ಕಾಲು ಭಾಗಕ್ಕಿಂತ ಹೆಚ್ಚು ಹಾಕಬೇಡಿ, ಅರಳಿದಾಗ ಅದೇ ತುಂಬಿಕೊಳ್ಳುತ್ತದೆ. ಮೊದಲ ನೀರು ಎಲೆ ತೊಳೆಯಲು, ಕೂಡಲೇ ಬಸಿಯಿರಿ. ಎರಡನೆಯದಕ್ಕೆ ಐವತ್ತರಿಂದ ಅರವತ್ತು ಸೆಕೆಂಡು. ಆಮೇಲೆ ಪ್ರತಿ ಸಲ ಹತ್ತು ಹದಿನೈದು ಸೆಕೆಂಡು ಹೆಚ್ಚು. ಹೀಗೆ ಐದಾರು ಸಲ ರುಚಿ ಬರುತ್ತದೆ. ಪ್ರತಿ ಸಲವೂ ಕೊನೆಯ ಹನಿವರೆಗೆ ಪಕ್ಕದ ಹೂಜಿಗೆ ಬಸಿಯಬೇಕು. ಕುಡಿಕೆಯಲ್ಲಿ ನೀರು ಉಳಿದರೆ ಎಲೆ ಅದರಲ್ಲೇ ಬೆಂದು ಮುಂದಿನ ಸುತ್ತು ಒಗರು, ಕಹಿ. ಚಹಾ ಕೆಟ್ಟದು ಎಂದು ಎದ್ದು ಬರುವವರು ಮಾಡಿರುವ ತಪ್ಪು ಬಹಳ ಸಲ ಇದೇ.

ರಾತ್ರಿ ಸಂತೆಗೆ ರಾತ್ರಿಯಾಗುವ ತನಕ ಕಾಯಬೇಕಿಲ್ಲ. ಐದೂವರೆಯಿಂದ ಏಳರೊಳಗೆ ಎಣ್ಣೆ ಹೊಸದು, ಸಾಲು ಚಿಕ್ಕದು. ತೈಪೆಯ ರಾವ್‌ಹೆ ಸಂತೆ ಒಂದೇ ನೇರ ಬೀದಿ, ದಾರಿ ತಪ್ಪುವ ಭಯವಿಲ್ಲ. ಗೆಣಸಿನ ಉಂಡೆ ಕರಿಯುವುದನ್ನು ನಿಂತು ನೋಡಿ. ಬೆಂದ ಗೆಣಸಿಗೆ ಮರಗೆಣಸಿನ ಹಿಟ್ಟು ಕಲಸಿದ ಗೋಲಿಗಳು ಎಣ್ಣೆಯಲ್ಲಿ ತೇಲುತ್ತಲೇ ಜಾಲರಿಯಿಂದ ಅವನ್ನು ಬಾಣಲೆಯ ತಳಕ್ಕೆ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಒತ್ತಿದಷ್ಟೂ ಒಳಗೆ ಗಾಳಿ ತುಂಬಿ ಪೂರಿಯಂತೆ ಉಬ್ಬುತ್ತವೆ. ಹತ್ತು ನಿಮಿಷದೊಳಗೆ ತಿನ್ನಿ, ತಣಿದರೆ ರಬ್ಬರು. ತೆಳು ಗೋಧಿ ಹಾಳೆಯಲ್ಲಿ ಕಡಲೆಕಾಯಿ ಮಿಠಾಯಿಯ ಹೆರೆ, ಕೆಸುವಿನ ಗೆಡ್ಡೆಯ ಐಸ್‌ಕ್ರೀಮ್, ಹಸಿ ಕೊತ್ತಂಬರಿ ಸೊಪ್ಪು ಸುತ್ತಿ ಕೊಡುವ ತಿಂಡಿಯೂ ಬಿಡಬಾರದ್ದು. ಕೊತ್ತಂಬರಿ ಬೇಡ ಎನ್ನಬೇಡಿ, ರುಚಿ ಇರುವುದೇ ಅದರಲ್ಲಿ. ಅಲ್ಲಿನ ಖ್ಯಾತ ಮೆಣಸಿನ ಬನ್ನಿನೊಳಗೆ ಹಂದಿಮಾಂಸ ಇರುತ್ತದೆ.

ಬಬಲ್ ಟೀ ಎಂಬ ಚಹಾದಲ್ಲಿ ಹಾಕುವ ಕರಿಮುತ್ತು ನಮ್ಮ ಸಬ್ಬಕ್ಕಿಯ ನೆಂಟ, ಎರಡೂ ಮರಗೆಣಸಿನ ಪಿಷ್ಟದವು. ಮುತ್ತನ್ನೇ ಕಂದು ಸಕ್ಕರೆ ಪಾಕದಲ್ಲಿ ನೆನೆಸಿರುವುದರಿಂದ ಚಹಾಕ್ಕೆ ಅರ್ಧ ಸಕ್ಕರೆಯೂ ಹೆಚ್ಚೇ. ‘ವೇಯ್ ಥಾಂಗ್, ಷಾವ್ ಬಿಂಗ್’ ಎಂದರೆ ಚೂರು ಸಕ್ಕರೆ, ಕಡಿಮೆ ಐಸು. ಲೋಟ ಹಿಡಿದು ಮೆಟ್ರೋಗೆ ಹೋದರೆ ಹಳದಿ ಗೆರೆ ದಾಟಿದ ಮೇಲೆ ಒಂದು ಗುಟುಕೂ ಕುಡಿಯುವಂತಿಲ್ಲ, ನೀರು ಕೂಡ. ದಂಡ 1,500ರಿಂದ 7,500 ತೈವಾನ್ ಡಾಲರ್. ಹೈಸ್ಪೀಡ್ ರೈಲಿನಲ್ಲಿ ಈ ನಿರ್ಬಂಧವಿಲ್ಲ.

ಊರಿಗೆ ತರುವ ಅನಾನಸ್ ಕೇಕಿನಲ್ಲೂ ಒಂದು ತೊಡಕಿದೆ. ಅದರ ಹೆಸರು ‘ಫಂಗ್ ಲಿ ಸು’. ಕಿವಿಗೆ ‘ಸು’ ಎಂದು ಬಿದ್ದ ಕೂಡಲೇ ಸಸ್ಯಾಹಾರಿ ಎಂದು ತಿಳಿದು ಡಬ್ಬಿಗಟ್ಟಲೆ ಕೊಳ್ಳುತ್ತಾರೆ. ಈ ‘ಸು’ ಬೇರೆ ಅಕ್ಷರ, ಅದರರ್ಥ ಗರಿಗರಿ, ಪುಡಿಪುಡಿ. ಬೆಣ್ಣೆ, ಮೊಟ್ಟೆ ಸಾಮಾನ್ಯ. ಹಂದಿಕೊಬ್ಬು ಹಾಕಿದ್ದೂ ಸಿಗುತ್ತದೆ. ಡಬ್ಬಿ ತಿರುಗಿಸಿ, ಮೂರು ಅಡ್ಡಗೆರೆಯ ಆ ಇನ್ನೊಂದು ‘ಸು’ ಇದೆಯೇ, ಅದರ ಹಿಂದೆ ‘ನೈ’ ಇದೆಯೇ ‘ದಾನ್’ ಇದೆಯೇ ಎಂದು ಅಂಗಡಿಯವರಿಂದ ಬೆರಳಿಟ್ಟು ತೋರಿಸಿಕೊಂಡೇ ದುಡ್ಡು ಕೊಡಿ.