ನಾಳೆ ತಿದ್ದಲು ಬರುವ ಹಾಗೆ: ಡಿಜಿಟಲ್ ಚಿತ್ರ ಮತ್ತು ವಿನ್ಯಾಸ ಕಲಿಯುವವರಿಗೆ ಟಿಪ್ಪಣಿ

"ಯಾವ ಸಾಫ್ಟ್‌ವೇರ್ ಒಳ್ಳೆಯದು?" ಹೊಸದಾಗಿ ಕಲಿಯುವವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ. ಇದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಇವತ್ತು ಮಾಡಿದ್ದನ್ನು ನಾಳೆ ಬದಲಿಸಲು ಆಗುತ್ತದಾ? ಕೆಲಸ ಕೊಟ್ಟವರು ಬಣ್ಣ ಬದಲಿಸಿ ಅಂತಾರೆ. ಮಾರನೇ ದಿನ ನೋಡಿದರೆ ನಮಗೇ ಮುಖ ಸೊಟ್ಟ ಕಾಣುತ್ತದೆ. ಆಗ ಎಲ್ಲವನ್ನೂ ಮೊದಲಿನಿಂದ ಬಿಡಿಸಬೇಕೋ, ನಾಲ್ಕು ಕ್ಲಿಕ್‌ನಲ್ಲಿ ಮುಗಿಯುತ್ತದೋ? ಅದನ್ನು ತೀರ್ಮಾನಿಸುವುದು ಹೆಚ್ಚಾಗಿ ನಾವು ಫೈಲ್ ಕಟ್ಟಿದ ರೀತಿ. ಹಾಗಾಗಿ ಆ ಕಡೆಯಿಂದಲೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಪಿಕ್ಸೆಲ್ಲಾ, ವೆಕ್ಟರಾ?

ಪಿಕ್ಸೆಲ್ ಚಿತ್ರದಲ್ಲಿ ಇರುವುದು ಬಣ್ಣದ ಚುಕ್ಕೆಗಳು. ಫೋಟೋಶಾಪ್, ಕ್ರಿಟಾ, ಜಿಂಪ್, ಕ್ಲಿಪ್ ಸ್ಟುಡಿಯೋ ಪೇಂಟ್, ಐಪ್ಯಾಡ್‌ನ ಪ್ರೊಕ್ರಿಯೇಟ್ ಎಲ್ಲ ಈ ಗುಂಪಿನವು. ವೆಕ್ಟರ್ ಚಿತ್ರದಲ್ಲಿ ಚುಕ್ಕೆ ಇಲ್ಲ. ಕೆಲವು ಬಿಂದುಗಳು ಮತ್ತು ಅವುಗಳ ನಡುವಿನ ಬಾಗುಗೆರೆಯ ಲೆಕ್ಕ ಅಷ್ಟೇ. ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್, ಫಿಗ್ಮಾ ಈ ಕಡೆಯವು. ಲೋಗೋ, ಐಕಾನ್, ಅಕ್ಷರ ವಿನ್ಯಾಸ ವೆಕ್ಟರ್‌ನಲ್ಲೇ ಇರಲಿ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಬ್ರಷ್ ಹಿಡಿದು ಬಣ್ಣ ಬೆರೆಸುವ ಕೆಲಸಕ್ಕೆ ಪಿಕ್ಸೆಲ್ಲೇ ಸರಿ.

ದುಡ್ಡು ಕೊಡದೆ ಕಲಿಯಬೇಕು ಅನ್ನುವವರಿಗೆ ಕ್ರಿಟಾ, ಜಿಂಪ್, ಇಂಕ್‌ಸ್ಕೇಪ್, ಬ್ಲೆಂಡರ್ (3ಡಿ ಕೆಲಸಕ್ಕೆ) ನಾಲ್ಕೂ ಉಚಿತ, ನಾಲ್ಕೂ ಮುಕ್ತ ತಂತ್ರಾಂಶ. ಕ್ರಿಟಾ ಇರುವುದು ಚಿತ್ರ ಬಿಡಿಸಲು, ಜಿಂಪ್ ಮುಖ್ಯವಾಗಿ ಫೋಟೋ ತಿದ್ದಲು. ಇವೆರಡನ್ನು ಅದಲುಬದಲು ಮಾಡಿಕೊಂಡು "ಉಚಿತ ಸಾಫ್ಟ್‌ವೇರ್ ಸರಿಯಿಲ್ಲ" ಎನ್ನುವವರು ಜಾಸ್ತಿ.

ವೆಕ್ಟರ್‌ನಲ್ಲಿ ಗೆರೆ ನಯವಾಗಿ ಬರಬೇಕಾದರೆ ಬಿಂದುಗಳು ಕಡಿಮೆ ಇರಬೇಕು. ಬಾಗು ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಹೋಗುವ ಕಡೆ ಒಂದೊಂದು ಬಿಂದು ಇಟ್ಟರೆ ಸಾಮಾನ್ಯವಾಗಿ ಸಾಕು. ವೃತ್ತಕ್ಕೆ ನಾಲ್ಕೇ ಬಿಂದು ಬೇಕಾಗುವುದು. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ + ಎಲ್ ಒತ್ತಿದರೆ ಬೇಡದ ಬಿಂದುಗಳು ಕಡಿಮೆಯಾಗುತ್ತವೆ. ಫೋಟೋವನ್ನು ತಾನೇ ವೆಕ್ಟರ್ ಮಾಡಿಕೊಡುವ ಟ್ರೇಸ್ ಸೌಲಭ್ಯವೂ ಇದೆ. ಅದು ನೂರಾರು ಬಿಂದು ಸುರಿದು ಕೊಡುತ್ತದೆ, ಆಮೇಲೆ ತಿದ್ದುವವರು ನಾವೇ.

ಲೇಯರ್ ಮತ್ತು ಮಾಸ್ಕ್

ಇಲ್ಲಿ ಸ್ವಲ್ಪ ನಿಂತು ಕಲಿಯಿರಿ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದಂತೆ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೆ ಲೇಯರ್ ಸೇರಿದ್ದು 1994ರಲ್ಲಿ, 3.0 ಆವೃತ್ತಿಯಲ್ಲಿ. ಅಂದರೆ ಮೊದಲ ಕೆಲವು ವರ್ಷ ಅದರಲ್ಲಿ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಮಾಡಬೇಕಿತ್ತು. ಈಗ ಲೇಯರ್ ಇದ್ದೂ ಎಲ್ಲ ಒಂದರಲ್ಲೇ ಬಿಡಿಸುವವರಿದ್ದಾರೆ, ಇರಲಿ.

ಇರೇಸರ್‌ನಿಂದ ಅಳಿಸಿದ್ದು ಹೋಯಿತು ಅಂತಲೇ ಲೆಕ್ಕ. ಅದರ ಬದಲು ಲೇಯರ್‌ಗೆ ಮಾಸ್ಕ್, ಅಂದರೆ ಮರೆಮಾಡುವ ಪರದೆ, ಹಾಕಿ. ಮಾಸ್ಕ್ ಮೇಲೆ ಕಪ್ಪು ಬಳಿದ ಕಡೆ ಲೇಯರ್ ಮರೆಯಾಗುತ್ತದೆ, ಬಿಳಿ ಬಳಿದ ಕಡೆ ಕಾಣುತ್ತದೆ, ಬೂದು ಬಳಿದರೆ ಅರೆಬರೆ ಕಾಣುತ್ತದೆ. ಜಾಸ್ತಿ ಮರೆಯಾಯಿತಾ? ಬಿಳಿ ಬಳಿದರೆ ವಾಪಸ್ ಬರುತ್ತದೆ. ಮೂಲ ಚಿತ್ರಕ್ಕೆ ಏನೂ ಆಗಿರುವುದಿಲ್ಲ.

ನೆರಳು ಹಾಕುವಾಗ ಬಣ್ಣ ಗೆರೆಯ ಹೊರಗೆ ಹೋಗದಂತೆ ತಡೆಯಲು ಎರಡು ದಾರಿ ಇವೆ. ಆಲ್ಫಾ ಲಾಕ್ ಹಾಕಿದರೆ ಅದೇ ಲೇಯರ್‌ನಲ್ಲಿ ಈಗಾಗಲೇ ಬಣ್ಣ ಇರುವ ಕಡೆ ಮಾತ್ರ ಬ್ರಷ್ ಹಿಡಿಯುತ್ತದೆ. ಬೇಗ ಆಗುತ್ತದೆ, ಆದರೆ ನೆರಳೂ ಮೂಲ ಬಣ್ಣವೂ ಒಂದಾಗಿ ಹೋಗುತ್ತವೆ. ಕ್ಲಿಪ್ಪಿಂಗ್ ಮಾಸ್ಕ್‌ನಲ್ಲಿ ನೆರಳು ಬೇರೆ ಲೇಯರ್‌ನಲ್ಲೇ ಉಳಿಯುತ್ತದೆ, ಕೆಳಗಿನ ಲೇಯರ್‌ನ ಆಕಾರದೊಳಗೆ ಮಾತ್ರ ಕಾಣುತ್ತದೆ. ಕಲಿಯುವವರಿಗೆ ನಾನು ಹೇಳುವುದು ಎರಡನೆಯದನ್ನೇ.

ಕ್ರಿಟಾದಲ್ಲಿ ಇಲ್ಲೊಂದು ಗೊಂದಲ ಕಾದಿರುತ್ತದೆ. ಅಲ್ಲಿ ಇದೇ ಕೆಲಸಕ್ಕೆ 'ಇನ್‌ಹೆರಿಟ್ ಆಲ್ಫಾ' ಎಂಬ ಗುಂಡಿ ಇದೆ. ಅದು ಪಕ್ಕದ ಒಂದೇ ಲೇಯರ್ ನೋಡುವುದಿಲ್ಲ, ಕೆಳಗಿರುವ ಎಲ್ಲ ಲೇಯರ್‌ಗಳನ್ನೂ ಸೇರಿಸಿ ನೋಡುತ್ತದೆ. ತೀರಾ ಕೆಳಗೆ ಬಿಳಿ ಹಿನ್ನೆಲೆ ಇದ್ದರೆ ಏನೂ ಕತ್ತರಿಸಿದಂತೆ ಕಾಣುವುದೇ ಇಲ್ಲ. ಪರಿಹಾರ ಸುಲಭ: ಮೂಲ ಬಣ್ಣ ಮತ್ತು ನೆರಳು ಎರಡನ್ನೂ ಒಂದು ಗುಂಪಿಗೆ ಹಾಕಿ. ಗುಂಪಿನ ಒಳಗಿನದ್ದಷ್ಟೇ ಆಗ ಲೆಕ್ಕಕ್ಕೆ ಬರುತ್ತದೆ.

ಚಿತ್ರದ ತುಂಡನ್ನು ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿದರೆ ಮಸುಕಾಗುತ್ತದೆ ಅಲ್ವಾ? ಪಿಕ್ಸೆಲ್‌ಗಳು ಹೋದವು, ವಾಪಸ್ ಬರಲಿಲ್ಲ. ಫೋಟೋಶಾಪ್‌ನಲ್ಲಿ ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ, ಕ್ರಿಟಾದಲ್ಲಿ ಟ್ರಾನ್ಸ್‌ಫಾರ್ಮ್ ಮಾಸ್ಕ್ ಬಳಸಿದರೆ ಈ ತಾಪತ್ರಯ ಇಲ್ಲ, ಎರಡರಲ್ಲೂ ಮೂಲ ಪಿಕ್ಸೆಲ್‌ಗಳು ಹಾಗೇ ಉಳಿಯುತ್ತವೆ. ಮೂಲ ಕೆಡದಂತೆ ತಿದ್ದುವ ವಿಷಯದಲ್ಲಿ ಜಿಂಪ್ ಬಹಳ ಕಾಲ ಹಿಂದಿತ್ತು. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ತಿದ್ದಬಹುದು, ತೆಗೆಯಬಹುದು.

ಗಾತ್ರದ ಲೆಕ್ಕ

ಕ್ಯಾನ್ವಾಸ್ ತೆರೆಯುವಾಗಲೇ ಇದನ್ನು ಯೋಚಿಸಬೇಕು. ಪಿಕ್ಸೆಲ್ ಚಿತ್ರವನ್ನು ಆಮೇಲೆ ಚಿಕ್ಕದು ಮಾಡಬಹುದು, ದೊಡ್ಡದು ಮಾಡಿದರೆ ಕೆಡುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ರೂಢಿ. ಎ4 ಹಾಳೆಗೆ ಅದು 2480 × 3508 ಪಿಕ್ಸೆಲ್ ಆಗುತ್ತದೆ, ಸುಮಾರು 87 ಲಕ್ಷ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್. ಅಂದರೆ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ ಮೆಮೊರಿ. ಇಂಥ 40 ಲೇಯರ್ ಇದ್ದರೆ 1,400 ಎಂಬಿ. ಚಾನೆಲ್‌ಗೆ (ಕೆಂಪು, ಹಸಿರಿನಂಥ ಒಂದೊಂದು ಭಾಗಕ್ಕೆ) 8 ಬಿಟ್ ಬದಲು 16 ಬಿಟ್ ಆರಿಸಿದರೆ ಇದರ ಎರಡರಷ್ಟು. ಕಂಪ್ಯೂಟರ್ ಯಾಕೆ ತೆವಳುತ್ತಿದೆ ಎಂಬುದಕ್ಕೆ ಉತ್ತರ ಎಷ್ಟೋ ಸಲ ಇಲ್ಲೇ ಸಿಗುತ್ತದೆ.

ಹಾಗಂತ 16 ಬಿಟ್ ಸುಮ್ನೆ ಅಲ್ಲ. 8 ಬಿಟ್‌ನಲ್ಲಿ ಒಂದು ಚಾನೆಲ್‌ಗೆ 256 ಮಟ್ಟ ಮಾತ್ರ. ಉದ್ದನೆಯ ಆಕಾಶದ ಗ್ರೇಡಿಯೆಂಟ್‌ನಲ್ಲಿ (ಒಂದು ಬಣ್ಣ ನಿಧಾನವಾಗಿ ಇನ್ನೊಂದಾಗುವ ಕಡೆ) ಪಟ್ಟೆಪಟ್ಟೆ ಕಾಣುವುದು ಅದಕ್ಕೇ. 16 ಬಿಟ್‌ಗೆ ಹೋಗಿ, ಇಲ್ಲವೇ ಗ್ರೇಡಿಯೆಂಟ್ ಮೇಲೆ ಚೂರು ನಾಯ್ಸ್ (ಮರಳಿನಂಥ ಸಣ್ಣ ಚುಕ್ಕೆ) ಸೇರಿಸಿ. ಪಟ್ಟೆ ಕಣ್ಣಿಗೆ ಬೀಳುವುದಿಲ್ಲ.

ಬಣ್ಣ ಪರೀಕ್ಷೆ

ಬೆಳಕು ನೆರಳು ಸರಿಯಿದೆಯಾ ನೋಡಲು ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಮಾಡುತ್ತೀರಿ ಎಂಬುದು ಮುಖ್ಯ. ಎಚ್‌ಎಸ್‌ಎಲ್ (ಬಣ್ಣವನ್ನು ವರ್ಣ, ಗಾಢತೆ, ತಿಳಿತನ ಎಂದು ಅಳೆಯುವ) ಲೆಕ್ಕದ ಸ್ಯಾಚುರೇಶನ್ ಸ್ಲೈಡರ್ ಅನ್ನು ಸೊನ್ನೆಗೆ ಎಳೆದರೆ ಅಪ್ಪಟ ಹಳದಿ ಮತ್ತು ಅಪ್ಪಟ ನೀಲಿ ಎರಡೂ ಒಂದೇ ಬೂದು ಆಗುತ್ತವೆ. ಕಣ್ಣಿಗಾದರೆ ಹಳದಿ ಬಿಳಿಯ ಹತ್ತಿರ, ನೀಲಿ ಕಪ್ಪಿನ ಹತ್ತಿರ. ಆ ಸ್ಲೈಡರ್ ನಂಬಿದರೆ ದಾರಿ ತಪ್ಪುತ್ತೇವೆ. ಅದರ ಬದಲು ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಒಂದು ಲೇಯರ್ ಇಡಿ. ಅದರ ಬ್ಲೆಂಡ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ಅನ್ನು 'ಕಲರ್' ಮಾಡಿ. ಬಣ್ಣ ಹೋಗಿ ಕೆಳಗಿನ ಬೆಳಕಿನ ಮಟ್ಟ ಮಾತ್ರ ಉಳಿಯುತ್ತದೆ. ಬೇಕಾದಾಗ ಆನ್, ಬೇಡವಾದಾಗ ಆಫ್.

ಚಿತ್ರ ಸೊಟ್ಟಗಿದೆಯಾ ನೋಡಲು ಕ್ರಿಟಾದಲ್ಲಿ ಎಂ ಒತ್ತಿ, ನೋಟ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ. ಕಣ್ಣಿಗೆ ಒಗ್ಗಿಹೋಗಿದ್ದ ಓರೆಯೆಲ್ಲ ತಕ್ಷಣ ಕಾಣುತ್ತದೆ.

ಅಕ್ಷರಗಳಿಗೆ ಬಂದರೆ, ವೆಬ್ ಸುಲಭಲಭ್ಯತೆಯ ನಿಯಮದ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು. ಬಿಳಿಯ ಮೇಲೆ #767676 ಬೂದು ಪಾಸ್, #777777 ಕೂದಲೆಳೆಯಲ್ಲಿ ಫೇಲ್. ಅದಕ್ಕಿಂತ ತಿಳಿ ಬೂದಿನಲ್ಲಿ ಪಠ್ಯ ಇಡುವ ಚಟ ವಿನ್ಯಾಸಕಾರರಿಗೆ ಯಾಕೋ ಬಿಡುವುದಿಲ್ಲ.

ಮುದ್ರಣಕ್ಕೆ ಹೋಗುವ ಕೆಲಸವಾದರೆ ಆರ್‌ಜಿಬಿಯ (ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ) ಹೊಳೆಯುವ ಹಸಿರು, ನೀಲಿಗಳು ಶಾಯಿಯಲ್ಲಿ ಬರುವುದಿಲ್ಲ. ಫೈಲನ್ನು ಬೇಗನೇ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಯ ಲೆಕ್ಕ) ಮಾಡಿಬಿಡಬೇಡಿ. ಹೋದ ಬಣ್ಣ ಮತ್ತೆ ಬರುವುದಿಲ್ಲ. ಮುದ್ರಕರ ಪ್ರೊಫೈಲ್ (ಅವರ ಶಾಯಿ, ಕಾಗದದ ಬಣ್ಣದ ಫೈಲ್) ಕೇಳಿ ಪಡೆದು ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಮುದ್ರಣ ಹೇಗೆ ಬರುತ್ತದೆ ಎಂದು ಪರದೆಯ ಮೇಲೇ, ನೋಡುತ್ತಾ ಕೆಲಸ ಮಾಡಿ, ಪರಿವರ್ತನೆ ಕೊನೆಯಲ್ಲಿ. ಸಣ್ಣ ಅಕ್ಷರ ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಶಾಯಿಯಲ್ಲಿ ಹಾಕಿದರೆ ಮುದ್ರಣ ಚೂರು ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಹೆಚ್ಚುವರಿ ಬಣ್ಣ) ಬಿಡುವುದು ರೂಢಿ.

ಉಳಿದ ಕೆಲವು

ದೃಶ್ಯದ ಪರ್ಸ್‌ಪೆಕ್ಟಿವ್ ಕಷ್ಟ ಅನಿಸಿದರೆ ಬ್ಲೆಂಡರ್‌ನಲ್ಲಿ ಬರೀ ಡಬ್ಬಗಳನ್ನು ಜೋಡಿಸಿ, ಕ್ಯಾಮೆರಾ ಇಟ್ಟು, ಆ ಚಿತ್ರವನ್ನು ಕೆಳಗಿನ ಲೇಯರ್ ಮಾಡಿಕೊಂಡು ಮೇಲೆ ಬಿಡಿಸಿ. ಅದಕ್ಕೆ ಪೂರ್ತಿ ಬ್ಲೆಂಡರ್ ಕಲಿಯಬೇಕಿಲ್ಲ. ಕೋನ ಇಷ್ಟವಾಗದಿದ್ದರೆ ಕ್ಯಾಮೆರಾ ಸರಿಸಿದರಾಯಿತು.

ರೆಫರೆನ್ಸ್ ಚಿತ್ರಗಳನ್ನೆಲ್ಲ ಒಂದೇ ಹಲಗೆಯಲ್ಲಿ ಹರಡಿ, ಉಳಿದ ಕಿಟಕಿಗಳ ಮೇಲೆ ಇಟ್ಟುಕೊಳ್ಳಲು ಪ್ಯೂರ್‌ರೆಫ್ ಚೆನ್ನಾಗಿದೆ. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಕೆಲಸ ಮಾಡದಿದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳ ನಡುವೆ ಬದಲಿಸಿ ನೋಡಿ. ಪೆನ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಇದನ್ನು ಮಾಡಿ. ಫೋಟೋಶಾಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಂಡರೆ ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆ ಆರಿಸಿಕೊಳ್ಳಿ.

ಫೈಲ್ ಉಳಿಸುವಾಗ: ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ತುಂಡು ಮಾಡಿ ವಿವರ ಬಿಸಾಕುತ್ತದೆ. ತೆರೆದು, ತಿದ್ದಿ, ಉಳಿಸಿದ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಅದು ಕೊನೆಯ ಪ್ರತಿಗೆ, ಅದೂ ಫೋಟೋದಂಥ ಚಿತ್ರಕ್ಕೆ. ಗೆರೆಚಿತ್ರ, ಸ್ಕ್ರೀನ್‌ಶಾಟ್, ಪಾರದರ್ಶಕ ಹಿನ್ನೆಲೆಗೆ ಪಿಎನ್‌ಜಿ. ಲೋಗೋಗೆ ಎಸ್‌ವಿಜಿ. ಹೊರಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಪಾಥ್ (ಬರೀ ಗೆರೆಯ ಆಕಾರ) ಮಾಡಿ, ಆದರೆ ಟೈಪ್ ಮಾಡಲು ಬರುವ ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ.

ಕ್ರಿಟಾದಲ್ಲಿ ಕಂಟ್ರೋಲ್ + ಆಲ್ಟ್ + ಎಸ್ ಒತ್ತಿದರೆ ಹಳೆಯದನ್ನು ಮುಟ್ಟದೆ ಹೊಸ ಸಂಖ್ಯೆಯ ಪ್ರತಿ ಉಳಿಯುತ್ತದೆ. ಇನ್ನೊಂದು ಗೊತ್ತಿರಲಿ: ಕ್ರಿಟಾದ ಕೆಆರ್‌ಎ ಫೈಲ್ ಒಳಗೆ ನಿಜಕ್ಕೂ ಒಂದು ಜಿಪ್. ಯಾವತ್ತೋ ಅದು ತೆರೆಯದೆ ಹಠ ಮಾಡಿದರೆ ಒಂದು ನಕಲು ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಲು ನೋಡಿ. ಬಿಚ್ಚಿಕೊಂಡರೆ ಪೂರ್ತಿ ಚಿತ್ರದ ಒಂದು ಪಿಎನ್‌ಜಿ ಒಳಗೆ ಇರುತ್ತದೆ. ಲೇಯರ್‌ಗಳು ಸಿಗದಿದ್ದರೂ ಚಿತ್ರವಾದರೂ ಕೈಗೆ ಬರುತ್ತದೆ.