ಹಳದಿ ದೀಪ ಹತ್ತಿತು ಅಂತ ಸೆನ್ಸರ್ ಬದಲಿಸಬೇಡಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ನಮ್ಮಲ್ಲಿ ಕೆಲವು ಸಿದ್ಧ ಚಿಕಿತ್ಸೆಗಳಿವೆ. ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸಿಕ್ಕಿಸುವುದು. ಪರಿಚಯದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ, ಕಾರು ಬರೆದಿಟ್ಟ ದೋಷದ ಕೋಡ್ ಅಳಿಸಿಕೊಂಡು ಬರುವುದು. ಬಂಪರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದೂ ಉಂಟು. ಇವೆಲ್ಲಕ್ಕಿಂತ ದುಬಾರಿಯದು, ನನಗೆ ಜಾಸ್ತಿ ಸಿಟ್ಟು ಬರಿಸುವುದು, 'ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು' ಅನ್ನುವ ಮಾತು. ಹೋಗಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಸಲ, ಎಂಜಿನ್ನಿನ ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿದೆಯಾ ಅಂತ ನೋಡುವ ಆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದ್ದರಿಂದಲೇ ದೀಪ ಹತ್ತಿರುತ್ತದೆ. ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಮನೆಯ ಮೀಟರ್ ಕಿತ್ತು ಹೊಸದು ಹಾಕಿಸಿದ ಹಾಗೆ ಇದು.

ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಸಿಗುತ್ತದೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಅಡಾಪ್ಟರ್ ಕೂಡ ಸಾಕು. ಎರಡು ಕೋಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಿ0135 ಅಂದರೆ ಆಕ್ಸಿಜನ್ ಸೆನ್ಸರಿನೊಳಗಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಇಲ್ಲಿ ಫ್ಯೂಸ್, ವೈರಿಂಗ್ ನೋಡಿದ ಮೇಲೆ ಸೆನ್ಸರಿನ ಮೇಲೆ ಅನುಮಾನ ಪಡುವುದು ನ್ಯಾಯ. ಪಿ0171 ಬೇರೆಯೇ ಜಾತಿ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ ಅದರ ಅರ್ಥ. ಇಲ್ಲಿ ಸೆನ್ಸರ್ ದೂರು ಕೊಟ್ಟಿದೆ, ಅಷ್ಟೇ. ಯಾರ ಮೇಲೆ ಅಂತ ಅದು ಹೇಳಿಲ್ಲ. ಆದರೆ ಎರಡೂ ಕೋಡಿಗೆ ಬರೆಯುವ ಔಷಧಿ ಮಾತ್ರ ಒಂದೇ ಆಗಿಬಿಟ್ಟಿದೆ.

ಈ ದೀಪಕ್ಕೆ ನಿಮ್ಮ ಎಂಜಿನ್ನಿನ ಆರೋಗ್ಯದ ಬಗ್ಗೆ ಅಷ್ಟೇನೂ ಕಾಳಜಿ ಇಲ್ಲ ಅಂದರೆ ಆಶ್ಚರ್ಯವಾಗಬಹುದು. ಅದಕ್ಕೆ ಕಾಳಜಿ ಇರುವುದು ಸೈಲೆನ್ಸರಿನಿಂದ ಹೊರಗೆ ಬರುವ ಗಾಳಿಯ ಬಗ್ಗೆ. 1940ರ ದಶಕದಲ್ಲಿ ಲಾಸ್ ಏಂಜಲೀಸ್ ಊರಿನ ಮೇಲೆ ಕಣ್ಣು ಉರಿಸುವ ಮಬ್ಬು ಕವಿಯತೊಡಗಿತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಹತ್ತಿರದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ಏರಿ ಹಾಗೆನ್-ಸ್ಮಿಟ್ ಅನ್ನುವ ಡಚ್ ಮೂಲದ ರಸಾಯನ ವಿಜ್ಞಾನಿ ಅನಾನಸ್ ಹಣ್ಣಿನ ಪರಿಮಳದಲ್ಲಿ ಏನೇನಿದೆ ಅಂತ ಹುಡುಕುತ್ತಿದ್ದರು. ಪರಿಮಳ ಹಿಡಿಯುವ ಅದೇ ಉಪಾಯದಲ್ಲಿ ಊರಿನ ಗಾಳಿಯನ್ನೂ ಹಿಡಿದು ತಣಿಸಿ ನೋಡಿದರು. ವಾಹನಗಳಿಂದ, ತೈಲ ಸಂಸ್ಕರಣಾ ಘಟಕಗಳಿಂದ ಬರುವ ಅರೆಬೆಂದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸೇರಿ ಓಝೋನ್ ಆಗುತ್ತಿವೆ ಅಂತ 1950ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ಕಾರು, ತೈಲ ಕಂಪನಿಗಳಿಗೆ ಇದು ರುಚಿಸಲಿಲ್ಲ, ರುಚಿಸುವುದಾದರೂ ಹೇಗೆ! 1968ರಲ್ಲಿ ಅವರೇ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಮೊದಲ ಅಧ್ಯಕ್ಷರಾದರು. ಕಾರು ತನ್ನ ಹೊಗೆಯನ್ನು ತಾನೇ ಕಾಯಬೇಕು, ತಪ್ಪಿದರೆ ಚಾಲಕನಿಗೆ ದೀಪ ಹಚ್ಚಿ ತಿಳಿಸಬೇಕು ಅನ್ನುವ ನಿಯಮ 1988ರ ಮಾಡೆಲುಗಳಿಂದ ಬಂದದ್ದು ಆ ಮಂಡಳಿಯಿಂದಲೇ. 1996ರ ಮಾಡೆಲುಗಳಿಂದ ಇಡೀ ಅಮೆರಿಕಕ್ಕೆ ಒಂದೇ ಸಾಕೆಟ್, ಒಂದೇ ಬಗೆಯ ಕೋಡ್ ಆಯಿತು. ಅಲ್ಲಿನ ನಿಯಮದಲ್ಲಿ ಬಹುಪಾಲು ದೋಷಗಳಿಗೆ ದೀಪ ಹತ್ತಬೇಕಾದ ಗೆರೆ, ಹೊಗೆಯ ಮಿತಿಯ ಒಂದೂವರೆ ಪಟ್ಟು. ಅದಕ್ಕೇ ಗಾಡಿ ಚೆನ್ನಾಗಿ ಓಡುತ್ತಿದ್ದರೂ, ಪಿಕಪ್ ಸರಿಯಿದ್ದರೂ ದೀಪ ಹತ್ತಬಹುದು.

ಈಗ ನನಗೆ ಪ್ರೀತಿಯ ವಿಷಯ, ಆ ಸೆನ್ಸರ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ತಪ್ಪದೆ ನಡೆದರೆ ಮಾತ್ರ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರು ಬಗೆಯ ವಿಷವನ್ನೂ ಒಟ್ಟಿಗೆ ಕಡಿಮೆ ಮಾಡಬಲ್ಲದು. ಲೆಕ್ಕ ಸರಿಯಿದೆಯಾ ಅಂತ ತಿಳಿಯುವುದು ಸೆನ್ಸರಿನೊಳಗಿನ ಜಿರ್ಕೋನಿಯಾ ಅನ್ನುವ ಪಿಂಗಾಣಿಯಿಂದ. ಇದರ ಒಂದು ಮೈಗೆ ಹೊರಗಿನ ಗಾಳಿ, ಇನ್ನೊಂದು ಮೈಗೆ ಎಂಜಿನ್ನಿನ ಹೊಗೆ. ತಣ್ಣಗಿದ್ದಾಗ ಅದು ಸುಮ್ನೆ ಕಲ್ಲು. 300 ಡಿಗ್ರಿ ದಾಟಿ ಕಾದರೆ ಆಕ್ಸಿಜನ್ ಅಯಾನುಗಳು ಅದರೊಳಗೇ ನಡೆದಾಡಲು ಶುರು ಮಾಡುತ್ತವೆ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಅಯಾನಿಗೆ ವಿದ್ಯುದಂಶ ಇದೆಯಲ್ಲ, ಹಾಗಾಗಿ ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿದ್ದರೆ 0.1 ವೋಲ್ಟ್ ಸುಮಾರು. ಪೆಟ್ರೋಲ್ ಮಿಕ್ಕಿದ್ದರೆ 0.9ರ ಸುಮಾರು. ನಡುವೆ ಮೆಟ್ಟಿಲೇ ಇಲ್ಲ, ದಿಢೀರ್ ಜಿಗಿತ. ಯಾಕೆಂದರೆ ಪೆಟ್ರೋಲ್ ಒಂದಿಷ್ಟು ಹೆಚ್ಚಾದರೂ ಸಾಕು, ಪಿಂಗಾಣಿಯ ಮೇಲಿನ ಪ್ಲಾಟಿನಂ ಲೇಪ ಮಿಕ್ಕ ಚೂರುಪಾರು ಆಕ್ಸಿಜನ್ನನ್ನೂ ಉರಿಸಿಬಿಡುತ್ತದೆ, ಅಲ್ಲಿ ಆಕ್ಸಿಜನ್ ಕೋಟಿ ಕೋಟಿ ಪಟ್ಟು ಕುಸಿಯುತ್ತದೆ.

ಈ ವೋಲ್ಟೇಜಿನ ಲೆಕ್ಕ ಕೊಡುವ ಸಮೀಕರಣ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಅವರದು, 1889ರದು. ಅಷ್ಟೇ ಆಗಿದ್ದರೆ ನಾನು ಇಲ್ಲಿ ಹೆಸರು ಎತ್ತುತ್ತಿರಲಿಲ್ಲ. ಇದೇ ನೆರ್ನ್‌ಸ್ಟ್ 1897ರಲ್ಲಿ ಇದೇ ಜಿರ್ಕೋನಿಯಾಕ್ಕೆ ಇಟ್ರಿಯಾ ಅನ್ನುವ ಇನ್ನೊಂದು ಆಕ್ಸೈಡ್ ಬೆರೆಸಿ ಒಂದು ವಿದ್ಯುತ್ ದೀಪ ಮಾಡಿದ್ದರು! 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಬೆಳಗಿತು. ಅದಕ್ಕೆ ಒಂದೇ ತೊಂದರೆ, ಮೊದಲು ಕಾಯಿಸದಿದ್ದರೆ ಹತ್ತುತ್ತಲೇ ಇರಲಿಲ್ಲ. ಟಂಗ್‌ಸ್ಟನ್ ತಂತಿಯ ಬಲ್ಬ್ ಬಂದ ಮೇಲೆ ಜನ ಅದನ್ನು ಮರೆತರು. 1976ರಲ್ಲಿ ಬಾಷ್ ಕಂಪನಿಯ ಸೆನ್ಸರ್ ಆಗಿ ಅದೇ ಪಿಂಗಾಣಿ ವೋಲ್ವೋ ಕಾರುಗಳಿಗೆ ಬಂತು. ಮೊದಲು ಕಾಯಿಸಬೇಕು ಅನ್ನುವ ಹಳೇ ಹಟ ಇನ್ನೂ ಬಿಟ್ಟಿಲ್ಲ, ಅದಕ್ಕಾಗಿಯೇ ಸೆನ್ಸರಿನೊಳಗೆ ಹೀಟರ್, ಅದಕ್ಕಾಗಿಯೇ ಪಿ0135.

ಸರಿ, ಪಿ0171 ಬಂದಿದೆ. ಏನು ಮಾಡುವುದು? ಸ್ಕ್ಯಾನರಿನಲ್ಲಿ ಕೋಡ್ ಓದಿ ಮುಗಿಸಬೇಡಿ, ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್ ಅಂತ ಇರುತ್ತದೆ, ಅದನ್ನು ನೋಡಿ. ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಜಾಸ್ತಿ ಸುರಿಯಬೇಕಾಗುತ್ತಿದೆ ಅಂತ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಅಲ್ಲಿ ಬರೆದುಕೊಳ್ಳುತ್ತದೆ. ಐದಾರು ಇದ್ದರೆ ಚಿಂತೆಯಿಲ್ಲ. 20, 25ಕ್ಕೆ ಹೋದರೆ ಕಂಪ್ಯೂಟರ್ ಕೈಚೆಲ್ಲಿ ದೀಪ ಹಚ್ಚುತ್ತದೆ. ಗಾಡಿ ನಿಂತು ಐಡಲ್‌ನಲ್ಲಿದ್ದಾಗ 20 ಇದ್ದದ್ದು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ 4ಕ್ಕೆ ಇಳಿದರೆ ಎಲ್ಲೋ ರಬ್ಬರ್ ಹೋಸ್ ಸೀಳಿದೆ, ಅಥವಾ ಕ್ಲಾಂಪ್ ಸಡಿಲವಾಗಿದೆ. ಸೀಳಿನಿಂದ ನುಗ್ಗುವ ಗಾಳಿ ಐಡಲ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲು, ವೇಗ ಹೆಚ್ಚಿದಾಗ ಅದು ಲೆಕ್ಕಕ್ಕೇ ಇಲ್ಲ. ತಿರುಗುಮುರುಗಾಗಿ ಲೋಡ್ ಹೆಚ್ಚಿದಷ್ಟೂ ಟ್ರಿಮ್ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಕಡೆ ನೋಡಿ, ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಹತ್ತಿದೆಯಾ ಅಂತಲೂ ನೋಡಿ. ಒಂದು ಎಚ್ಚರಿಕೆ: ನಮ್ಮ ಎಷ್ಟೋ ಸಣ್ಣ ಕಾರುಗಳು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ, ಗಾಳಿ ಒಳಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಹೋಸ್ ಸೀಳಿದರೆ ಟ್ರಿಮ್ ಅಷ್ಟಾಗಿ ಬಾಯಿ ಬಿಡುವುದಿಲ್ಲ, ಐಡಲ್ ಜಾಸ್ತಿಯಾಗುತ್ತದೆ. ಸೀಳು ಹುಡುಕಲು ಒಳಗೆ ಹೊಗೆ ಬಿಟ್ಟು ನೋಡುವ ಯಂತ್ರ ಒಳ್ಳೆಯ ಗ್ಯಾರೇಜುಗಳಲ್ಲಿದೆ. ಅದಕ್ಕೆ ಅಂತ ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಅನ್ನುವ ದ್ರಾವಕ ಚಿಮುಕಿಸುವ ಸಾಹಸ ಬೇಡ, ಬೆಂಕಿ ಹತ್ತೀತು.

ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೂ ಇದರಲ್ಲಿ ಪಾಲಿದೆ. ಎಥನಾಲಿನೊಳಗೇ ಆಕ್ಸಿಜನ್ ಇರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು, 14.7 ಇದ್ದದ್ದು 13.5ರ ಸುಮಾರಿಗೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಬರೀ ಪೆಟ್ರೋಲಿಗೆ ಹೊಂದಿಸಿದ ಹಳೇ ಕಾರಿನ ಟ್ರಿಮ್ ಇದರಿಂದ ಏಳೆಂಟು ಏರಬಹುದು. ಅದೊಂದೇ ದೀಪ ಹಚ್ಚುವುದಿಲ್ಲ, ಆದರೆ ಮೊದಲೇ ಒಂದು ಸಣ್ಣ ಸೀಳಿದ್ದರೆ ಗೆರೆ ದಾಟಿಸಿಬಿಡುತ್ತದೆ. ಎಲ್ಲದಕ್ಕೂ ಎಥನಾಲೇ ಕಾರಣ ಅನ್ನುವವರೂ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವವರೂ ಒಮ್ಮೆ ಟ್ರಿಮ್ ನೋಡಲಿ.

ನಿಂಬೆಹಣ್ಣಿನ ವಿಷಯಕ್ಕೆ ಬರೋಣ, ಯಾಕೆಂದರೆ ಅದು 'ಕೆಲಸ ಮಾಡುತ್ತದೆ'. ಹೆಚ್ಚಿನ ದೋಷಗಳಿಗೆ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ, ಸಾಮಾನ್ಯವಾಗಿ ಸತತ ಎರಡು ಓಡಾಟಗಳಲ್ಲಿ ಕಂಡರೆ ಹಚ್ಚುತ್ತದೆ. ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ತಾನಾಗಿ ಆರಿಸುತ್ತದೆ. ಆಯುಧ ಪೂಜೆಗೆ ಬಾನೆಟ್ ಎತ್ತಿ ಪ್ರೆಷರ್ ಪೈಪಿನಲ್ಲಿ ನೀರು ಹೊಡೆದು ಎಂಜಿನ್ ತೊಳೆಯುತ್ತಾರಲ್ಲ, ಆ ನೀರು ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬುಡಕ್ಕೆ ಇಳಿದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು, ಶುರುವಾಗುತ್ತದೆ, ದೀಪ ಹತ್ತುತ್ತದೆ. ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ಕಟ್ಟುತ್ತಾರೆ. ನಾಲ್ಕು ದಿನದಲ್ಲಿ ನೀರು ಆರುತ್ತದೆ, ದೀಪವೂ ಆರುತ್ತದೆ. ಹೆಸರು ಯಾರಿಗೆ ಬಂತು, ಹೇಳಿ!

ಬ್ಯಾಟರಿ ಬಿಚ್ಚುವುದು ಇದಕ್ಕಿಂತ ಕೆಟ್ಟದ್ದು. ನಿಂಬೆಹಣ್ಣು ಕನಿಷ್ಠ ಸಾಕ್ಷ್ಯ ಅಳಿಸುವುದಿಲ್ಲ. ಕೋಡ್ ಬಿದ್ದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಟ್ರಿಮ್ ಎಷ್ಟಿತ್ತು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ವೈರ್ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಅದೆಲ್ಲ ಹೋಯಿತು.

ದೀಪ ಸುಮ್ಮನೆ ಉರಿಯುವ ಬದಲು ಮಿನುಗುತ್ತಿದ್ದರೆ ಮಾತ್ರ ಇಷ್ಟು ಸಾವಧಾನ ಬೇಡ. ಅದು ಜೋರು ಮಿಸ್‌ಫೈರ್. ಒಂದು ಸಿಲಿಂಡರ್ ಉರಿಯದಿದ್ದರೆ ಎಂಜಿನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಒಂದು ಕ್ಷಣ ನಿಧಾನವಾಗುತ್ತದೆ, ಅದರ ಚಕ್ರದ ಹಲ್ಲುಗಳು ದಾಟುವ ಹೊತ್ತು ನೋಡಿ ಕಂಪ್ಯೂಟರ್ ಅದನ್ನು ಹಿಡಿಯುತ್ತದೆ. ಉರಿಯದ ಪೆಟ್ರೋಲ್ ನೇರ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಪಿಂಗಾಣಿ ಕರಗುವಷ್ಟು ಕಾಯಬಹುದು. ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿ. ಪ್ಲಗ್, ಕಾಯಿಲ್ ಬದಲಿಸುವ ಖರ್ಚು ಕನ್ವರ್ಟರಿನ ಖರ್ಚಿನ ಮುಂದೆ ಏನೂ ಅಲ್ಲ, ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇದೆ. ಅದು ಸೋತರೆ ಬರುವ ಕೋಡ್ ಪಿ0420. ಅದು ಬಂದಾಗಲೂ ತಕ್ಷಣ ಕನ್ವರ್ಟರ್ ಬಿಚ್ಚಿಸಬೇಡಿ, ಮೊದಲು ಸೈಲೆನ್ಸರ್ ಪೈಪಿನ ಜಾಯಿಂಟ್ ಎಲ್ಲಾದರೂ ಸೋರುತ್ತಿದೆಯಾ ನೋಡಿಸಿ.