ರೈವಿಂಗ್ ನೈಫ್ ಬಿಚ್ಚಿಡಬೇಡ್ರಪ್ಪ

ಟೇಬಲ್ ಸಾ, ಅಂದ್ರೆ ಮೇಜಿನ ಮಧ್ಯೆ ದುಂಡು ಬ್ಲೇಡು ತಿರುಗೋ ಮರ ಕೊಯ್ಯೋ ಮಷೀನು, ಅದರ ಮುಂದೆ ನಿಂತೋರ ಕಣ್ಣು ಯಾವಾಗ್ಲೂ ಬ್ಲೇಡಿನ ಮುಂದಿನ ಹಲ್ಲಿನ ಮೇಲೇ ಇರುತ್ತೆ, ಬೆರಳು ಅಲ್ಲಿಗೆ ಹೋಗ್ಬಾರ್ದು ಅಂತ. ಸರಿನೇ. ಆದ್ರೆ ಬೆಂಗಳೂರಿನ ಕಾಮಾಕ್ಷಿಪಾಳ್ಯ, ಪೀಣ್ಯ, ಮೈಸೂರು ರೋಡಿನ ಟಿಂಬರ್ ಯಾರ್ಡ್ ಕಡೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ನಾನು ಕಂಡಿರೋ ಕೆಟ್ಟ ಏಟುಗಳು ಹೆಚ್ಚಾಗಿ ಶುರುವಾಗೋದು ಹಿಂದಿನ ಹಲ್ಲಿಂದ. ಮುಂದಿನ ಹಲ್ಲು ಮೇಲಿಂದ ಕೆಳಕ್ಕೆ ಇಳಿಯುತ್ತೆ, ಮರನ ಟೇಬಲ್‌ಗೆ ಒತ್ತಿ ಹಿಡಿಯುತ್ತೆ. ಹಿಂದಿನ ಹಲ್ಲು ಟೇಬಲ್ ಕೆಳಗಿಂದ ಎದ್ದು ಮೇಲೆ ಬಂದು ನಿಮ್ಮ ಕಡೆಗೇ ತಿರುಗುತ್ತೆ, ಮರ ಅದಕ್ಕೆ ಸಿಕ್ಕಿದ್ರೆ ಎತ್ತಿ ನೇರವಾಗಿ ನಿಮ್ಮ ಹೊಟ್ಟೆಗೆ ಎಸೆಯುತ್ತೆ. ಇದೇ ಕಿಕ್‌ಬ್ಯಾಕ್. ಇದನ್ನ ತಡೆಯೋಕೆ ಬ್ಲೇಡಿನ ಹಿಂದೆ ಕೂರಿಸಿರೋ ತಗಡೇ ರೈವಿಂಗ್ ನೈಫ್.

10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗ್ತಿದ್ರೆ ಹಲ್ಲಿನ ತುದಿ ಸೆಕೆಂಡಿಗೆ 53 ಮೀಟರ್ ಓಡುತ್ತೆ, ಗಂಟೆಗೆ 190 ಕಿಲೋಮೀಟರ್ ಲೆಕ್ಕ. ಏನೋ ಆಯ್ತು ಅಂತ ಗೊತ್ತಾಗಿ ಕೈ ಎಳ್ಕೊಳ್ಳೋಕೆ ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕು ಅಂದ್ಕೊಳ್ಳಿ, ಅಷ್ಟರಲ್ಲಿ ಆ ಹಲ್ಲು ಹತ್ತು ಮೀಟರ್ ದಾಟಿರುತ್ತೆ. ಹಾಗಾಗಿ "ನಾನು ಹುಷಾರಾಗಿರ್ತೀನಿ ಬಿಡಿ ಸಾರ್" ಅನ್ನೋ ಮಾತು ಇಲ್ಲಿ ನಡೆಯಲ್ಲ. ಇನ್ನೊಂದು ವಿಷ್ಯ ಇದೆ, ಬೆರಳು ಹೋಗೋದು ಎಷ್ಟೋ ಸಲ ಇದೇ ಕಿಕ್‌ಬ್ಯಾಕ್‌ನಲ್ಲೇ, ಯಾಕಂದ್ರೆ ಕೈ ಮರನ ಜೋರಾಗಿ ತಳ್ತಿರುತ್ತೆ, ಮರ ಒಂದೇ ಸಲ ಮಾಯ ಆಗುತ್ತೆ, ತಳ್ತಿದ್ದ ಕೈ ಅದೇ ಜೋರಲ್ಲಿ ಬ್ಲೇಡಿನ ಮೇಲೆ ಬೀಳುತ್ತೆ.

ಮರ ಹಿಂದಿನ ಹಲ್ಲಿಗೆ ಯಾಕೆ ತಾಗುತ್ತೆ? ಮೊದಲ್ನೇ ಕಾರಣ ಮರದೊಳಗೇ ಇದೆ. ಸರಿಯಾಗಿ ಒಣಗದ ಸಿಲ್ವರ್ ಓಕ್, ಅಕೇಶಿಯಾ ಇಂಥದ್ದನ್ನ ಸೀಳಿ ನೋಡಿ, ಒಳಗಿದ್ದ ಬಿಗಿ ಬಿಟ್ಟು ಎರಡು ಭಾಗನೂ ಬಾಗುತ್ತೆ, ಕೆಲವು ಸಲ ಹೊರಗಡೆಗೆ, ಕೆಲವು ಸಲ ಒಳಗಡೆಗೆ. ಒಳಗೆ ಬಾಗಿದ್ರೆ ಸೀಳು ಮುಚ್ಕೊಂಡು ಬ್ಲೇಡನ್ನ ಎರಡೂ ಕಡೆಯಿಂದ ಹಿಡ್ಕೊಳ್ಳುತ್ತೆ. ಹಿಂದೆ ಕೈಗರಗಸದಲ್ಲಿ ದಿಮ್ಮಿ ಸೀಳ್ತಿದ್ದೋರು ಸೀಳಿಗೆ ಬೆಣೆ ಹೊಡ್ಕೊಂಡೇ ಮುಂದೆ ಹೋಗ್ತಿದ್ರಲ್ಲ, ರೈವಿಂಗ್ ನೈಫ್ ಮಾಡೋದೂ ಅದೇ ಕೆಲಸ. ಬ್ಲೇಡಿನ ಹಿಂದೆ ಅದರ ಅಂಚಿನ ಆಕಾರಕ್ಕೇ ಬಾಗಿ ನಿಂತಿರೋ ಸ್ಟೀಲ್ ತಗಡು ಅದು, ಹಲ್ಲಿಂದ 3ರಿಂದ 8 ಮಿಲಿಮೀಟರ್ ದೂರದಲ್ಲಿರಬೇಕು, ಬ್ಲೇಡು ಎತ್ತಿದ್ರೆ ಜೊತೆಗೇ ಏಳುತ್ತೆ, ಇಳಿಸಿದ್ರೆ ಇಳಿಯುತ್ತೆ. ಸೀಳು ಮುಚ್ಚೋಕೆ ಬಿಡಲ್ಲ, ಮರ ವಾರೆಯಾಗಿ ಹಿಂದಿನ ಹಲ್ಲಿನ ಮೇಲೆ ಹತ್ತೋಕೂ ಬಿಡಲ್ಲ.

ಇಷ್ಟು ಒಳ್ಳೆ ಸಾಮಾನು ನಮ್ಮೂರಿನ ಎಷ್ಟೋ ವರ್ಕ್‌ಶಾಪ್‌ನಲ್ಲಿ ಬಿಚ್ಚಿ ಡ್ರಾಯರ್‌ಗೆ ಹಾಕಿರ್ತಾರೆ. ಕೇಳಿದ್ರೆ ಹೆಲ್ಪರ್ ಹುಡುಗ "ಅಣ್ಣಾ, ಅದಿದ್ರೆ ಮರ ಹೋಗಲ್ಲ" ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಹೋಗಲ್ಲ, ಆದ್ರೆ ತಪ್ಪು ಬ್ಲೇಡಿನದು. ಮಷೀನ್ ಜೊತೆ ಬಂದ ಬ್ಲೇಡಿನ ಹಲ್ಲು 3.2 ಮಿಲಿಮೀಟರ್ ಅಗಲ, ಹಲ್ಲು ಕೂತಿರೋ ತಟ್ಟೆ 2.2, ನೈಫು 2.5 ಇರುತ್ತೆ ಅಂತಿಟ್ಕೊಳ್ಳಿ. ಬ್ಲೇಡು ಮೊಂಡಾಯ್ತು ಅಂತ ಅಂಗಡಿಗೆ ಹೋಗಿ ಹಲ್ಲು 2.4 ಇರೋ ತೆಳು ಬ್ಲೇಡು ತಂದು ಹಾಕಿದ್ರೆ ಸೀಳಿಗಿಂತ ನೈಫೇ ದಪ್ಪ ಆಗುತ್ತೆ, ಮರ ಅಲ್ಲೇ ಸಿಕ್ಕಾಕೊಳ್ಳುತ್ತೆ, ಮೇಸ್ತ್ರಿ ನೈಫ್ ಬಿಚ್ಚಿ ಎಸೀತಾರೆ, ಮುಗೀತು. ಲೆಕ್ಕ ಇಷ್ಟೇ: ನೈಫು ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ಕೊಯ್ಯೋ ಅಗಲಕ್ಕಿಂತ ತೆಳು ಇರಬೇಕು. ಈ ಅಳತೆ ಬ್ಲೇಡಿನ ಮೇಲೇ ಪ್ರಿಂಟ್ ಆಗಿರುತ್ತೆ, ನೈಫಿನ ಮೇಲೂ ಸಾಮಾನ್ಯವಾಗಿ ಕೊರೆದಿರ್ತಾರೆ, ಅಂಗಡಿಯಲ್ಲಿ ಒಂದು ನಿಮಿಷ ಓದಿ ತಗೊಳ್ಳಿ. ಗ್ರೂವ್ ಹೊಡೆಯೋಕೆ, ಅಂದ್ರೆ ಮರನ ಪೂರ್ತಿ ಸೀಳದೆ ಕಾಲುವೆ ಥರ ಕೊರೆಯೋಕೆ, ಅಡ್ಡ ಆಗುತ್ತೆ ಅಂತನೂ ಕೆಲವ್ರು ಬಿಚ್ತಾರೆ. ಇದೇ ಕೆಲಸಕ್ಕೆ ಇದ್ದ ಹಳೇ ಕಾಲದ ತಗಡು, ಸ್ಪ್ಲಿಟರ್, ಬ್ಲೇಡಿಗಿಂತ ಎತ್ತರ ಇರ್ತಿತ್ತು, ಅದನ್ನ ಬಿಚ್ಲೇಬೇಕಿತ್ತು. ಈಗಿನ ನೈಫನ್ನ ಬ್ಲೇಡಿನ ತುದಿಗಿಂತ ಒಂಚೂರು ಕೆಳಗೇ ಇಟ್ಕೋಬಹುದು, ಗ್ರೂವ್‌ಗೆ ಏನೂ ತೊಂದ್ರೆ ಇಲ್ಲ.

ಎರಡನೇ ಕಾರಣ ಫೆನ್ಸ್, ಮರನ ಒರಗಿಸಿ ತಳ್ಳೋಕೆ ಬ್ಲೇಡಿನ ಪಕ್ಕ ಇರೋ ನೇರ ಪಟ್ಟಿ, ನಮ್ಮಲ್ಲಿ ಗೈಡ್ ಅಂತಾರಲ್ಲ ಅದು. ಬ್ಲೇಡಿನ ಮುಂದಿನ ಹಲ್ಲಿಂದ ಗೈಡಿಗೆ ಎಷ್ಟಿದೆ, ಹಿಂದಿನ ಹಲ್ಲಿಂದ ಎಷ್ಟಿದೆ, ಎರಡೂ ಅಳೀರಿ. ಹಿಂದೆ ಕೂದಲೆಳೆಯಷ್ಟು ಜಾಸ್ತಿ ಇದ್ರೂ ಪರವಾಗಿಲ್ಲ, ಕಮ್ಮಿ ಇರ್ಲೇಬಾರ್ದು. ಅರ್ಧ ನೂಲು ಕಮ್ಮಿ ಇದ್ರೂ ಗೈಡೇ ಮರನ ಹಿಂದಿನ ಹಲ್ಲಿಗೆ ಒತ್ತುತ್ತಾ ಹೋಗುತ್ತೆ.

ಸೀಳೋದಕ್ಕೆ ಗೈಡ್, ಅಡ್ಡ ಕೊಯ್ಯೋದಕ್ಕೆ ಮೈಟರ್ ಗೇಜ್, ಅಂದ್ರೆ ಟೇಬಲ್ ಮೇಲೆ ಜಾರಿಸ್ಕೊಂಡು ಮರ ತಳ್ಳೋ ಆಧಾರ. ಎರಡನ್ನೂ ಒಟ್ಟಿಗೆ ಬಳಸ್ಬಾರ್ದು, ತುಂಡಾದ ಪೀಸು ಬ್ಲೇಡಿಗೂ ಗೈಡಿಗೂ ಮಧ್ಯೆ ಸಿಕ್ಕಿ ಓರೆಯಾಗಿ ಹಾರುತ್ತೆ. ಒಂದೇ ಉದ್ದದ ಪೀಸು ತುಂಬಾ ಬೇಕಾದ್ರೆ ಗೈಡಿನ ಮುಂಭಾಗದಲ್ಲಿ, ಬ್ಲೇಡಿಗೆ ಮುಂಚೆನೇ, ಒಂದು ಮರದ ಬ್ಲಾಕ್ ಕ್ಲ್ಯಾಂಪ್ ಮಾಡಿ ಅಳತೆ ಅಲ್ಲಿಗೆ ಹಿಡೀರಿ. ಕೊಯ್ಯೋವಾಗ ಪೀಸಿನ ಪಕ್ಕ ಜಾಗ ಖಾಲಿ ಇರುತ್ತೆ. ಗೈಡೂ ಇಲ್ಲ, ಗೇಜೂ ಇಲ್ಲ ಅಂತ ಬರೀ ಕೈಯಲ್ಲಿ ತಳ್ಳೋದಂತೂ ಬೇಡ್ವೇ ಬೇಡ. ನಿಲ್ಲೋದು ಬ್ಲೇಡಿನ ನೇರಕ್ಕಲ್ಲ, ಪಕ್ಕಕ್ಕೆ. ಬ್ಲೇಡಿಗೂ ಗೈಡಿಗೂ ಮಧ್ಯೆ ಒಂದು ಗೇಣು ಜಾಗ ಇಲ್ಲದಿದ್ರೆ ಕೈ ಬೇಡ, ಮರ ತಳ್ಳೋ ಕೋಲು ಪುಶ್ ಸ್ಟಿಕ್ ಹಿಡೀರಿ. 12 ಎಂಎಂ ಪ್ಲೈ ಚೂರಲ್ಲಿ ಹತ್ತು ನಿಮಿಷದಲ್ಲಿ ಆಗುತ್ತೆ.

ಈಗ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷ್ಯ. ವೈಟ್‌ಫೀಲ್ಡ್, ಸರ್ಜಾಪುರ ರೋಡ್ ಕಡೆ ಹೊಸ ಫ್ಲ್ಯಾಟ್‌ಗಳಲ್ಲಿ ಇಂಟೀರಿಯರ್ ಕೆಲಸ ನಡೀತಿರುತ್ತೆ, ಲಕ್ಷ ಲಕ್ಷದ ಕೆಲಸ, ಹಾಲ್ ಮಧ್ಯೆ ನೋಡಿದ್ರೆ ಒಂದು ಪ್ಲೈ ಹಲಗೆಗೆ ತೂತು ಮಾಡಿ ಕೆಳಗಡೆಯಿಂದ ಮಾರ್ಬಲ್ ಕಟ್ಟರನ್ನ ತಲೆಕೆಳಗಾಗಿ ಸ್ಕ್ರೂ ಹಾಕಿ ಕೂರಿಸಿರ್ತಾರೆ, ಸ್ವಿಚ್ ಆನ್‌ನಲ್ಲೇ ಲಾಕ್, ಗಾರ್ಡ್ ಇಲ್ಲ, ನೈಫ್ ಇಲ್ಲ, ಆನ್ ಆಫ್ ಎಲ್ಲಾ ಎಕ್ಸ್‌ಟೆನ್ಷನ್ ಬೋರ್ಡಲ್ಲೇ. ಅದು 4 ಇಂಚಿನ ಪುಟ್ಟ ಬ್ಲೇಡು ಅಲ್ವಾ ಅಂತ ಕಾಣುತ್ತೆ. ಆದ್ರೆ ಆ ಕಟ್ಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತೆ, 110 ಮಿಲಿಮೀಟರ್ ಬ್ಲೇಡಿನ ತುದಿ ಗಂಟೆಗೆ 250 ಕಿಲೋಮೀಟರ್ ಹತ್ರ ಹೋಗುತ್ತೆ, ಮೇಲೆ ಹೇಳಿದ ದೊಡ್ಡ ಮಷೀನಿಗಿಂತ ಜಾಸ್ತಿ. ಕಲ್ಲು ಕೊಯ್ಯೋ ಹಲ್ಲಿಲ್ಲದ ಡೈಮಂಡ್ ಬ್ಲೇಡಿಗೆ ಅಂತ ಮಾಡಿರೋ ಮಷೀನು ಅದು. ಫ್ಲ್ಯಾಟ್ ಓನರ್‌ಗಳು ಲ್ಯಾಮಿನೇಟ್ ಬಣ್ಣದ ಬಗ್ಗೆ ಎಷ್ಟು ಕೇಳ್ತೀರೋ ಇದನ್ನೂ ಅಷ್ಟೇ ಕೇಳಿ. ಶೀಟುಗಳನ್ನ ಪ್ಯಾನೆಲ್ ಸಾ, ಅಂದ್ರೆ ದೊಡ್ಡ ಶೀಟು ಕೊಯ್ಯೋ ಮಷೀನು, ಇರೋ ಕಡೆ ಕಟ್ ಮಾಡಿಸಿ ತನ್ನಿ ಅಂತ ಹೇಳಿ, ಅದಕ್ಕೆ ಆಗೋ ಖರ್ಚು ನೀವು ಕೊಡಿ. ಬೆರಳು ಕಳ್ಕೊಂಡ ಆಚಾರ್ರಿಗೆ ಮತ್ತೆ ಆ ಕೂಲಿ ಯಾರೂ ಕೊಡಲ್ಲ.

ಕರೆಂಟು ಹೋಗಿ ಬರೋದು ನಮ್ಗೆ ಹೊಸದಲ್ಲ. ಮಾಮೂಲಿ ಸ್ವಿಚ್ಚಲ್ಲಿ ಓಡೋ ಮಷೀನು, ಕರೆಂಟ್ ಹೋದಾಗ ಯಾರೂ ಆಫ್ ಮಾಡಿರಲ್ಲ, ಹುಡುಗ ಬ್ಲೇಡ್ ಹತ್ರ ಹೊಟ್ಟು ತೆಗೀತಿರ್ತಾನೆ, ಕರೆಂಟ್ ಬಂದ ಕೂಡ್ಲೇ ಬ್ಲೇಡು ತಾನೇ ತಿರುಗುತ್ತೆ. ಪುಶ್ ಬಟನ್ ಇರೋ ಡಿಒಎಲ್ (ಡೈರೆಕ್ಟ್ ಆನ್ ಲೈನ್) ಮೋಟಾರ್ ಸ್ಟಾರ್ಟರ್‌ನಲ್ಲಿ ಕರೆಂಟ್ ಹೋದ್ರೆ ಒಳಗಿನ ಕಾಯಿಲ್ ಬಿಟ್ಟುಬಿಡುತ್ತೆ, ಮತ್ತೆ ಹಸಿರು ಬಟನ್ ಒತ್ತೋವರೆಗೂ ಮಷೀನ್ ಏಳಲ್ಲ. ಎಲೆಕ್ಟ್ರಿಷಿಯನ್ ಕರೆದು ಅದನ್ನೇ ಹಾಕಿಸಿ. ಬ್ಲೇಡ್ ಬದಲಾಯಿಸೋವಾಗ ಮಾತ್ರ ಮೇನ್ ಪ್ಲಗ್ಗೇ ಕಿತ್ತಿಡಿ.

ಗ್ಲೌಸ್ ಹಾಕ್ಕೊಂಡು ತಿರುಗೋ ಬ್ಲೇಡ್ ಹತ್ರ ಹೋಗ್ಬೇಡಿ, ಬಟ್ಟೆ ಸಿಕ್ಕಿದ್ರೆ ಕೈನೇ ಎಳ್ಕೊಳ್ಳುತ್ತೆ. ಹೆಗಲ ಮೇಲಿನ ಟವೆಲ್ಲು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ, ಇದಕ್ಕೂ ಅದೇ ಮಾತು. ತಿರುಗೋ ಭಾಗಕ್ಕೆ ರಕ್ಷಣೆ ಇರ್ಲೇಬೇಕು ಅಂತ 1948ರ ಫ್ಯಾಕ್ಟರೀಸ್ ಆಕ್ಟಿನ 21ನೇ ಸೆಕ್ಷನ್‌ನಲ್ಲೇ ಬರೆದಿದ್ರು, ಆದ್ರೆ ಮೂರ್ನಾಲ್ಕು ಜನ ಕೆಲಸ ಮಾಡೋ ಶೆಡ್ಡುಗಳನ್ನ ನೋಡೋಕೆ ಯಾರೂ ಬರಲ್ಲ, ಅಲ್ಲಿ ಓನರೇ ನೋಡ್ಕೋಬೇಕು.

ಇಷ್ಟೆಲ್ಲಾ ಇದ್ದೂ ಬೆರಳು ತುಂಡಾದ್ರೆ ಮಷೀನ್ ಆಫ್ ಮಾಡಿ, ಗಾಯದ ಮೇಲೆ ಕ್ಲೀನ್ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿಸಿ, 108ಕ್ಕೆ ಫೋನ್ ಮಾಡಿ. ತುಂಡಾದ ಬೆರಳನ್ನ ಸ್ವಲ್ಪ ಒದ್ದೆ ಮಾಡಿದ ಕ್ಲೀನ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಆ ಕವರನ್ನ ಐಸ್ ಹಾಕಿದ ನೀರಲ್ಲಿಡಿ. ಬೆರಳನ್ನ ನೇರವಾಗಿ ಐಸ್ ಮೇಲೆ ಇಟ್ರೆ ಮತ್ತೆ ಜೋಡಿಸೋಕೆ ಆಗದಂಗೆ ಹಾಳಾಗುತ್ತೆ. ಜೋಡಿಸೋಕೆ ಮೈಕ್ರೋಸರ್ಜರಿ ಮಾಡೋ ಡಾಕ್ಟ್ರು ಬೇಕು, ಎಲ್ಲಾ ನರ್ಸಿಂಗ್ ಹೋಮ್‌ನಲ್ಲೂ ಇರಲ್ಲ. ನಿಮ್ಮ ಶೆಡ್ಡಿಗೆ ಹತ್ರ ಅಂಥ ಆಸ್ಪತ್ರೆ ಯಾವ್ದು ಅಂತ ಇವತ್ತೇ ವಿಚಾರಿಸಿ, ನಂಬರನ್ನ ಸ್ಟಾರ್ಟರ್ ಬಾಕ್ಸ್ ಮೇಲೆ ದೊಡ್ಡದಾಗಿ ಮಾರ್ಕರ್‌ನಲ್ಲಿ ಬರೆದಿಡಿ.